ಟೇಬಲ್ ತೆರೆಯುತ್ತದೆ, ಇಂಡೆಕ್ಸ್ ತೆರೆಯುವುದಿಲ್ಲ: ಡೈನಮೋಡಿಬಿ ಪರ್ಮಿಷನ್ ರಿಪೇರಿಯ ದಾಖಲೆ

ತೊಂದರೆ ಇಷ್ಟು. ನಮ್ಮೂರಿನ ಗ್ರಂಥಾಲಯಕ್ಕೆ ಕಟ್ಟಿಕೊಟ್ಟ ಎರವಲು ವ್ಯವಸ್ಥೆಯಲ್ಲಿ ಪುಸ್ತಕದ ಅಕ್ಸೆಷನ್ ನಂಬರ್ (ಒಂದೊಂದು ಪ್ರತಿಗೂ ಗ್ರಂಥಾಲಯ ಕೊಡುವ ಸಂಖ್ಯೆ) ಹಾಕಿದರೆ ದಾಖಲೆ ಬರುತ್ತದೆ. ಲೇಖಕರ ಹೆಸರು ಹಾಕಿದರೆ ಬರುವುದಿಲ್ಲ. ಸದಸ್ಯರ ಸಂಖ್ಯೆ ಹಾಕಿದರೂ ಬರುವುದಿಲ್ಲ. ಹೊಸ ಪುಸ್ತಕ ಸೇರಿಸಬಹುದು, ವಾಪಸ್ ಬಂದದ್ದನ್ನು ಗುರುತು ಹಾಕಬಹುದು, ಅದಕ್ಕೆಲ್ಲ ಅಡ್ಡಿಯಿಲ್ಲ. ಅದೇ ಕೋಡನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಎಲ್ಲ ಹುಡುಕಾಟವೂ ಸರಿಯಾಗಿ ಕೆಲಸ ಮಾಡುತ್ತದೆ.

“ಲೇಖಕರ ಹೆಸರಲ್ಲಿ ಹುಡುಕಿದ್ರೆ ‘ಫಲಿತಾಂಶ ಇಲ್ಲ’ ಅಂತ ಬರ್ತಿದೆ ಸರ್. ಪುಸ್ತಕ ನನ್ನ ಕಣ್ಣೆದುರೇ ಇದೆ,” ಅಂತ ಲೈಬ್ರರಿಯನ್ ಮೇಡಂ ಫೋನ್ ಮಾಡಿದ್ದರು. ಹೊಸ ಹುಡುಕಾಟ ಅವರೇ ಕೇಳಿದ್ದು. ಓದುಗರು ಕೌಂಟರಿಗೆ ಬಂದು “ಇವರದ್ದು ಏನೇನಿದೆ?” ಅಂತ ಕೇಳುತ್ತಾರೆಯೇ ಹೊರತು ನಂಬರ್ ಹಿಡಿದುಕೊಂಡು ಬರುವುದಿಲ್ಲ.

ಮೊದಲು ವ್ಯವಸ್ಥೆಯ ಪರಿಚಯ. ಅಮೆಜಾನಿನ ಕ್ಲೌಡ್ (ಎಡಬ್ಲ್ಯುಎಸ್) ಡೇಟಾಬೇಸ್ ಆದ ಡೈನಮೋಡಿಬಿಯಲ್ಲಿ, ಮುಂಬೈ ರೀಜನ್ನಿನಲ್ಲಿ, ‘ಎರವಲು’ ಎಂಬ ಒಂದೇ ಟೇಬಲ್ ಇದೆ. ಒಂದೊಂದು ಪ್ರತಿಗೆ ಒಂದೊಂದು ಐಟಂ, ಅಂದರೆ ಒಂದು ದಾಖಲೆ. ಅಕ್ಸೆಷನ್ ನಂಬರ್ ಪಾರ್ಟಿಷನ್ ಕೀ, ಅಂದರೆ ಐಟಂ ಹುಡುಕುವ ಮುಖ್ಯ ಕೀ. ಶೀರ್ಷಿಕೆ, ಲೇಖಕ, ‘ಒಳಗಿದೆ’ ಅಥವಾ ‘ಹೊರಗಿದೆ’ ಎಂಬ ಸ್ಥಿತಿ ಪ್ರತಿ ಐಟಂನಲ್ಲೂ ಇರುತ್ತದೆ. ಪುಸ್ತಕ ಎರವಲು ಹೋದಾಗ ಮಾತ್ರ ಸದಸ್ಯರ ಸಂಖ್ಯೆ, ಹೆಸರು, ಮೊಬೈಲ್ ನಂಬರ್, ವಾಪಸ್ ಕೊಡಬೇಕಾದ ದಿನಾಂಕ ಸೇರಿಕೊಳ್ಳುತ್ತವೆ. ವಾಪಸ್ ಬಂದ ಕೂಡಲೇ ಆ ನಾಲ್ಕೂ ಅಳಿಸಿ ಹೋಗುತ್ತವೆ. ಯಾರು ಯಾವ ಪುಸ್ತಕ ಓದಿದರು ಎಂಬ ಇತಿಹಾಸ ಉಳಿಯಬಾರದೆಂಬುದು ಮೇಡಂ ಮತ್ತು ನಾನು ಮೊದಲೇ ಮಾಡಿಕೊಂಡ ತೀರ್ಮಾನ.

ಈ ಟೇಬಲಿಗೆ ಈಗ ಎರಡು ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್ (ಮುಖ್ಯ ಕೀ ಬಿಟ್ಟು ಬೇರೆ ವಿವರದಿಂದ ಹುಡುಕಲು ಬೇಕಾದ ಸೂಚಿ) ಸೇರಿವೆ. ಒಂದು ‘ಲೇಖಕ-ಸೂಚಿ’: ಲೇಖಕರ ಹೆಸರು ಪಾರ್ಟಿಷನ್ ಕೀ, ಶೀರ್ಷಿಕೆ ಸಾರ್ಟ್ ಕೀ (ಐಟಂಗಳ ಕ್ರಮ ನಿರ್ಧರಿಸುವ ಕೀ), ಜೊತೆಗೆ ಸ್ಥಿತಿ. ಇನ್ನೊಂದು ‘ಸದಸ್ಯ-ಸೂಚಿ’: ಸದಸ್ಯರ ಸಂಖ್ಯೆ ಪಾರ್ಟಿಷನ್ ಕೀ, ವಾಪಸಾತಿ ದಿನಾಂಕ ಸಾರ್ಟ್ ಕೀ, ಉಳಿದದ್ದೆಲ್ಲವೂ ಜೊತೆಗೆ. ಲೋಕಲ್ ಸೆಕೆಂಡರಿ ಇಂಡೆಕ್ಸ್ (ಟೇಬಲಿನದೇ ಪಾರ್ಟಿಷನ್ ಕೀ ಬಳಸುವ ಸೂಚಿ) ಬೇಕಿದ್ದರೆ ಟೇಬಲ್ ಹುಟ್ಟಿಸುವಾಗಲೇ ಹೇಳಬೇಕು. ಗ್ಲೋಬಲ್ ಆದರೆ ಓಡುತ್ತಿರುವ ಟೇಬಲಿಗೂ ಸೇರಿಸಬಹುದು, ನಮ್ಮದು ಹಾಗೆಯೇ ಸೇರಿದ್ದು.

ಒಂದು ಸೂಚನೆ. ಟೇಬಲ್ ಮತ್ತು ಇಂಡೆಕ್ಸ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಹೈಫನ್, ಅಂಡರ್‌ಸ್ಕೋರ್ ಬಿಟ್ಟರೆ ಬೇರೆ ಏನೂ ನಡೆಯುವುದಿಲ್ಲ. ಓದಲು ಸುಲಭವಾಗಲೆಂದು ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಪರದೆಯ ಮೇಲೆ ಇವೇ ಇಂಗ್ಲಿಷಿನಲ್ಲಿರುತ್ತವೆ. ಟೇಬಲಿನ ಒಳಗಿನ ಡೇಟಾ ಮಾತ್ರ ಪೂರ್ತಿ ಕನ್ನಡದಲ್ಲಿರಬಹುದು, ನಮ್ಮದು ಹಾಗೇ ಇದೆ. ಇದರಿಂದ ಮುಂದೆ ಇನ್ನೊಂದು ಕೆಲಸ ಹುಟ್ಟಿಕೊಂಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಲಾಗ್ ಏನು ಹೇಳುತ್ತದೆ

ಪುಟದಲ್ಲಿ ಕಂಡ ‘ಫಲಿತಾಂಶ ಇಲ್ಲ’ ಎಂಬುದನ್ನು ನಂಬಿ ಡೇಟಾ ಹುಡುಕಲು ಹೋಗಲಿಲ್ಲ. ಹುಡುಕಾಟದ ಕೋಡ್ ಓಡುವುದು ಎಡಬ್ಲ್ಯುಎಸ್‌ನ ಲ್ಯಾಂಬ್ಡಾ ಸೇವೆಯಲ್ಲಿ. ಆ ಲ್ಯಾಂಬ್ಡಾ ಫಂಕ್ಷನ್ನಿನ ಲಾಗ್ ಎಡಬ್ಲ್ಯುಎಸ್‌ನ ಲಾಗ್ ಸಂಗ್ರಹವಾದ ಕ್ಲೌಡ್‌ವಾಚ್‌ನಲ್ಲಿ ಇರುತ್ತದೆ. ತೆರೆದು ನೋಡಿದರೆ ಅಲ್ಲಿ ಇದ್ದದ್ದು ಆ್ಯಕ್ಸೆಸ್ ಡಿನೈಡ್ ಎಕ್ಸೆಪ್ಷನ್. ಸಾಲು ಸುಮಾರಾಗಿ ಹೀಗಿತ್ತು:

ಯೂಸರ್: ಎಆರ್‌ಎನ್:ಎಡಬ್ಲ್ಯುಎಸ್:ಎಸ್‌ಟಿಎಸ್::ಖಾತೆ-ಸಂಖ್ಯೆ:ಅಸ್ಯೂಮ್ಡ್-ರೋಲ್/ಹುಡುಕು-ರೋಲ್/ಹುಡುಕು
ಈಸ್ ನಾಟ್ ಆಥರೈಸ್ಡ್ ಟು ಪರ್ಫಾರ್ಮ್: ಡೈನಮೋಡಿಬಿ:ಕ್ವೆರಿ
ಆನ್ ರಿಸೋರ್ಸ್: ಎಆರ್‌ಎನ್:ಎಡಬ್ಲ್ಯುಎಸ್:ಡೈನಮೋಡಿಬಿ:ಎಪಿ-ಸೌತ್-1:ಖಾತೆ-ಸಂಖ್ಯೆ:ಟೇಬಲ್/ಎರವಲು/ಇಂಡೆಕ್ಸ್/ಲೇಖಕ-ಸೂಚಿ
ಬಿಕಾಸ್ ನೋ ಐಡೆಂಟಿಟಿ-ಬೇಸ್ಡ್ ಪಾಲಿಸಿ ಅಲೋಸ್ ದ ಡೈನಮೋಡಿಬಿ:ಕ್ವೆರಿ ಆ್ಯಕ್ಷನ್

ಈ ಸಂದೇಶವನ್ನು ಎಲ್ಲರೂ ‘ಪರ್ಮಿಷನ್ ಇಲ್ಲವಂತೆ’ ಎಂದು ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ. ಅದರಲ್ಲಿ ನಾಲ್ಕು ಸಂಗತಿಗಳಿವೆ, ಒಂದೊಂದನ್ನೂ ಬೇರೆಯಾಗಿ ಓದಬೇಕು: ಕೇಳಿದವರು ಯಾರು, ಏನು ಮಾಡಲು ಕೇಳಿದರು, ಯಾವುದರ ಮೇಲೆ ಕೇಳಿದರು, ಯಾವ ಕಾರಣಕ್ಕೆ ಇಲ್ಲ ಅಂದಿತು.

‘ಯಾರು’ ಎಂಬುದರಿಂದ ಲ್ಯಾಪ್‌ಟಾಪಿನ ಗುಟ್ಟು ಬಿಚ್ಚಿಕೊಂಡಿತು. ಲ್ಯಾಪ್‌ಟಾಪಿನಲ್ಲಿ ಎಸ್‌ಟಿಎಸ್‌ನ ಗೆಟ್-ಕಾಲರ್-ಐಡೆಂಟಿಟಿ ಕಮಾಂಡ್ ಓಡಿಸಿದೆ. ಇದಕ್ಕೆ ಯಾವ ಪರ್ಮಿಷನ್ನೂ ಬೇಕಿಲ್ಲ, ನೀವು ಈಗ ಯಾರ ಹೆಸರಿನಲ್ಲಿ ಮಾತಾಡುತ್ತಿದ್ದೀರಿ ಎಂದಷ್ಟೇ ಹೇಳುತ್ತದೆ. ಬಂದ ಉತ್ತರ ಅಡ್ಮಿನ್ ರೋಲ್ (ರೋಲ್ ಎಂದರೆ ಅನುಮತಿಗಳನ್ನು ಅಂಟಿಸಿದ ಒಂದು ಗುರುತು). ಅದಕ್ಕೆ ಎಲ್ಲ ಬಾಗಿಲೂ ತೆರೆದಿವೆ. ಅದಕ್ಕೂ ಮೊದಲಿನ ಪರೀಕ್ಷೆಗಳು ನಡೆದದ್ದು ಡೈನಮೋಡಿಬಿ ಲೋಕಲ್ ಮೇಲೆ, ಅಂದರೆ ನಮ್ಮ ಯಂತ್ರದಲ್ಲೇ ಓಡುವ ಪರೀಕ್ಷಾ ಆವೃತ್ತಿಯ ಮೇಲೆ. ಅದು ಎಡಬ್ಲ್ಯುಎಸ್‌ನ ಅನುಮತಿ ವ್ಯವಸ್ಥೆಯಾದ ಐಎಎಂನ ಪಾಲಿಸಿಗಳನ್ನು (ಯಾರು ಏನು ಮಾಡಬಹುದೆಂಬ ನಿಯಮಗಳನ್ನು) ನೋಡುವುದೇ ಇಲ್ಲ, ಬಾಯಿಗೆ ಬಂದ ಕೀ ಕೊಟ್ಟರೂ ಒಪ್ಪಿಕೊಳ್ಳುತ್ತದೆ. ಅಂದರೆ ಕೋಡ್ ಸರಿಯಿದೆ ಎಂದು ಇಲ್ಲಿಯವರೆಗಿನ ಪರೀಕ್ಷೆಗಳು ಹೇಳಿದ್ದವು. ಪರ್ಮಿಷನ್ ಸರಿಯಿದೆ ಎಂದು ಯಾವುದೂ ಹೇಳಿರಲಿಲ್ಲ.

ನಿಜವಾದ ಸುಳಿವು ಮೂರನೆಯದರಲ್ಲಿದೆ. ‘ಎಆರ್‌ಎನ್’ ಎಂದು ಶುರುವಾಗುವ ಆ ಉದ್ದನೆಯ ವಿಳಾಸದ ಬಾಲ ನೋಡಿ: ‘ಟೇಬಲ್/ಎರವಲು’ ಎಂದು ನಿಲ್ಲದೆ ‘/ಇಂಡೆಕ್ಸ್/ಲೇಖಕ-ಸೂಚಿ’ ಎಂದು ಮುಂದುವರಿದಿದೆ. ಕೋಡಿನಲ್ಲಿ ನಾವು ಟೇಬಲಿನ ಹೆಸರು ಕೊಟ್ಟು, ಪಕ್ಕದಲ್ಲಿ ಇಂಡೆಕ್ಸಿನ ಹೆಸರನ್ನು ಒಂದು ಪ್ಯಾರಾಮೀಟರ್ ಆಗಿ ಕೊಡುತ್ತೇವೆ. ಹಾಗಾಗಿ ಟೇಬಲನ್ನೇ ಓದುತ್ತಿದ್ದೇವೆ ಅನಿಸುತ್ತದೆ. ಐಎಎಂ ಲೆಕ್ಕದಲ್ಲಿ ಹಾಗಲ್ಲ. ಇಂಡೆಕ್ಸ್ ತನ್ನದೇ ವಿಳಾಸವಿರುವ ಬೇರೆ ರಿಸೋರ್ಸ್. ನಮ್ಮ ಗ್ರಂಥಾಲಯದಲ್ಲೇ ಹಳೆಯ ಕಾರ್ಡ್ ಕ್ಯಾಟಲಾಗಿನ ಬೀರು ಇನ್ನೂ ಇದೆ. ಪುಸ್ತಕದ ಕೋಣೆಯ ಬೀಗದ ಕೈ ಇದ್ದ ಮಾತ್ರಕ್ಕೆ ಆ ಬೀರುವಿನ ಡ್ರಾಯರ್ ತೆರೆಯುವುದಿಲ್ಲ, ಅದರ ಕೀಲಿ ಬೇರೆ. ಇದೂ ಹಾಗೆಯೇ.

ರೋಲಿಗೆ ಅಂಟಿದ್ದ ಪಾಲಿಸಿ ತೆಗೆದು ನೋಡಿದರೆ ರಿಸೋರ್ಸ್ ಎಂಬಲ್ಲಿ ‘ಟೇಬಲ್/ಎರವಲು’ ಎಂಬ ಒಂದೇ ಸಾಲು. ಇಂಡೆಕ್ಸೇ ಇಲ್ಲದ ಕಾಲದ ಪಾಲಿಸಿ ಅದು, ಆಗ ಅಷ್ಟೇ ಸಾಕಿತ್ತು.

ಬರೆಯುವ ಕೆಲಸಗಳು ಯಾಕೆ ನಿಲ್ಲಲಿಲ್ಲ ಎಂಬುದೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಪುಟ್ ಐಟಂ, ಅಪ್‌ಡೇಟ್ ಐಟಂ, ಡಿಲೀಟ್ ಐಟಂ ಎಲ್ಲವೂ ಟೇಬಲಿನ ಮೇಲೆ ನಡೆಯುತ್ತವೆ. ಟೇಬಲಿನಲ್ಲಿ ಆದ ಬದಲಾವಣೆಯನ್ನು ಇಂಡೆಕ್ಸಿಗೆ ಮುಟ್ಟಿಸುವುದು ಡೈನಮೋಡಿಬಿಯ ಒಳಗಿನ ಕೆಲಸ, ಅದಕ್ಕೆ ನಮ್ಮ ರೋಲಿನ ಅನುಮತಿ ಬೇಕಿಲ್ಲ. ಇಂಡೆಕ್ಸಿಗೆ ನೇರವಾಗಿ ಬರೆಯಲು ದಾರಿಯೂ ಇಲ್ಲ. ಗೆಟ್ ಐಟಂ ಕೂಡ ಇಂಡೆಕ್ಸಿನ ಮೇಲೆ ನಡೆಯುವುದಿಲ್ಲ. ಇಂಡೆಕ್ಸಿನ ಮೇಲೆ ನಾವು ಮಾಡುವುದು ಕ್ವೆರಿ (ಕೀ ಕೊಟ್ಟು ಹುಡುಕುವುದು) ಮತ್ತು ಸ್ಕ್ಯಾನ್ (ಎಲ್ಲವನ್ನೂ ಓದುವುದು). ‘ಬರೆಯಲು ಆಗುತ್ತಿದೆ, ನಂಬರಿನಿಂದ ಓದಲು ಆಗುತ್ತಿದೆ, ಬೇರೆ ಹುಡುಕಾಟ ಮಾತ್ರ ಆಗುತ್ತಿಲ್ಲ’ ಎಂಬ ಲಕ್ಷಣ ಕಂಡರೆ ಮೊದಲ ಅನುಮಾನ ಇದೇ ಇರಲಿ.

ಬೇರೆ ಕಾರಣಗಳನ್ನು ತಳ್ಳಿಹಾಕಿದ್ದು

ಟೇಬಲಿಗೆ ಕೆಎಂಎಸ್ ಎಂಬ ಕೀಲಿ ಸೇವೆಯಲ್ಲಿರುವ ನಮ್ಮದೇ ಕೀಲಿಯಿಂದ ಎನ್‌ಕ್ರಿಪ್ಷನ್ ಇದೆ. ಅದರ ಪರ್ಮಿಷನ್ ಕೈಕೊಟ್ಟಿದ್ದರೆ ಗೆಟ್ ಐಟಂ ಕೂಡ ನಿಲ್ಲಬೇಕಿತ್ತು, ನಿಂತಿಲ್ಲ. ಹಾಗಾಗಿ ಅದಲ್ಲ.

ಇಂಡೆಕ್ಸ್ ಇನ್ನೂ ತಯಾರಾಗಿಲ್ಲವೇ? ಹೊಸ ಇಂಡೆಕ್ಸ್ ಸೇರಿಸಿದಾಗ ಹಳೆಯ ಐಟಂಗಳನ್ನು ಅದಕ್ಕೆ ತುಂಬುವ ಬ್ಯಾಕ್‌ಫಿಲ್ ನಡೆಯುತ್ತದೆ. ಆ ಹೊತ್ತಿನಲ್ಲಿ ಕ್ವೆರಿ ಮಾಡಿದರೆ ಬರುವುದು ವ್ಯಾಲಿಡೇಷನ್ ಎಕ್ಸೆಪ್ಷನ್, ಆ್ಯಕ್ಸೆಸ್ ಡಿನೈಡ್ ಅಲ್ಲ. ಆದರೂ ಡಿಸ್ಕ್ರೈಬ್ ಟೇಬಲ್ ಮಾಡಿ ನೋಡಿದೆ. ಎರಡೂ ಇಂಡೆಕ್ಸ್‌ಗಳ ಸ್ಥಿತಿ ‘ಆ್ಯಕ್ಟಿವ್’.

ಇಂಡೆಕ್ಸಿನ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ? ಇದನ್ನು ಸ್ವಲ್ಪ ವಿವರಿಸಬೇಕು. ಅನುಮತಿ ಇರುವವರು ಇಲ್ಲದ ಇಂಡೆಕ್ಸ್ ಕೇಳಿದರೆ ‘ಈ ಟೇಬಲಿಗೆ ಆ ಇಂಡೆಕ್ಸ್ ಇಲ್ಲ’ ಎಂಬ ವ್ಯಾಲಿಡೇಷನ್ ದೋಷ ಬರುತ್ತದೆ. ಪಾಲಿಸಿಯಲ್ಲಿ ಒಂದು ನಿರ್ದಿಷ್ಟ ಇಂಡೆಕ್ಸಿಗೆ ಮಾತ್ರ ಅನುಮತಿ ಇದ್ದು, ಕೋಡಿನಲ್ಲಿ ಹೆಸರು ಒಂದಕ್ಷರ ತಪ್ಪಿದ್ದರೆ ಬರುವುದು ಆ್ಯಕ್ಸೆಸ್ ಡಿನೈಡ್, ಏಕೆಂದರೆ ಆ ತಪ್ಪು ವಿಳಾಸಕ್ಕೆ ಅನುಮತಿ ಕೊಟ್ಟಿರುವುದೇ ಇಲ್ಲ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿ ದೋಷದ ಸಾಲಿನಲ್ಲಿರುವ ವಿಳಾಸವನ್ನು ಡಿಸ್ಕ್ರೈಬ್ ಟೇಬಲ್ ಕೊಡುವ ಇಂಡೆಕ್ಸ್ ವಿಳಾಸದ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಎರಡೂ ಒಂದೇ ಇದ್ದವು.

ಕ್ಲೌಡ್‌ಟ್ರೇಲ್‌ನಲ್ಲಿ (ಎಡಬ್ಲ್ಯುಎಸ್ ಖಾತೆಯ ಚಟುವಟಿಕೆ ದಾಖಲಿಸುವ ಸೇವೆ) ಹುಡುಕುವ ಯೋಚನೆ ಬರುವವರಿಗೆ ಒಂದು ಮಾತು. ಅದರ 90 ದಿನಗಳ ಈವೆಂಟ್ ಹಿಸ್ಟರಿಯಲ್ಲಿ ಟೇಬಲ್ ಹುಟ್ಟಿಸಿದ್ದು, ಬದಲಿಸಿದ್ದು ಸಿಗುತ್ತದೆ. ಕ್ವೆರಿ, ಗೆಟ್ ಐಟಂ ಮುಂತಾದವು ಡೇಟಾ ಈವೆಂಟ್‌ಗಳು. ಅವನ್ನು ದಾಖಲಿಸಲು ಬೇರೆಯಾಗಿ ಟ್ರೇಲ್‌ನಲ್ಲಿ ಚಾಲೂ ಮಾಡಿರಬೇಕು, ಅದಕ್ಕೆ ಹಣವೂ ತಗಲುತ್ತದೆ. ಚಾಲೂ ಮಾಡದಿದ್ದರೆ ನಿಮ್ಮ ಅಪ್ಲಿಕೇಷನ್ನಿನ ಲಾಗೇ ಗತಿ.

ಕೊನೆಗೆ ಐಎಎಂ ಪಾಲಿಸಿ ಸಿಮ್ಯುಲೇಟರ್, ಪಾಲಿಸಿ ಏನನ್ನು ಬಿಡುತ್ತದೆ ಎಂದು ಪರೀಕ್ಷಿಸುವ ಸಾಧನ. ರೋಲ್ ಆರಿಸಿ, ಕ್ವೆರಿ ಆರಿಸಿ, ಟೇಬಲಿನ ವಿಳಾಸ ಕೊಟ್ಟೆ: ಅಲೋಡ್. ಇಂಡೆಕ್ಸಿನ ವಿಳಾಸ ಕೊಟ್ಟೆ: ಇಂಪ್ಲಿಸಿಟ್ ಡಿನೈ. ಯಾರೂ ಬೇಡವೆಂದಿಲ್ಲ, ಬೇಕೆಂದೂ ಯಾರೂ ಹೇಳಿಲ್ಲ, ಆದ್ದರಿಂದ ಇಲ್ಲ ಎಂದು ಅರ್ಥ. ‘ಎಕ್ಸ್‌ಪ್ಲಿಸಿಟ್ ಡಿನೈ’ ಎಂದು ಬಂದಿದ್ದರೆ ದಾರಿಯೇ ಬೇರೆ. ಆಗ ಎಷ್ಟು ಅಲೋ ಸೇರಿಸಿದರೂ ಪ್ರಯೋಜನವಿಲ್ಲ, ಆ ನಿಷೇಧ ಎಲ್ಲಿದೆ ಎಂದು ಹುಡುಕಿ ಅದನ್ನೇ ಸಡಿಲಿಸಬೇಕು.

ಪಾಲಿಸಿಯಲ್ಲಿ ಇಂಡೆಕ್ಸಿನ ಸಾಲು ಯಾಕೆ ಬಂದಿರಲಿಲ್ಲ

ಎಡಬ್ಲ್ಯುಎಸ್ ಸಂಪನ್ಮೂಲಗಳನ್ನು ನಾವು ಸಿಡಿಕೆ ಎಂಬ ಸಾಧನದಲ್ಲಿ ಕೋಡಾಗಿ ಬರೆಯುತ್ತೇವೆ. ನಮ್ಮ ಟೇಬಲ್ ಅದರ ಒಂದು ಸ್ಟ್ಯಾಕಿನಲ್ಲಿದೆ (ಒಟ್ಟಿಗೆ ಹುಟ್ಟಿಸುವ ಗುಂಪು), ಲ್ಯಾಂಬ್ಡಾಗಳು ಇನ್ನೊಂದರಲ್ಲಿ. ಟೇಬಲನ್ನು ಅಕಸ್ಮಾತ್ ಅಳಿಸಿಬಿಡುವ ಭಯ ಇರಬಾರದೆಂದು ಹಾಗೆ ಬೇರ್ಪಡಿಸಿದ್ದು, ಅದು ಈಗಲೂ ಸರಿಯೇ. ಎರಡನೇ ಸ್ಟ್ಯಾಕಿನಲ್ಲಿ ಟೇಬಲನ್ನು ಫ್ರಮ್ ಟೇಬಲ್ ನೇಮ್ ಎಂಬ ಮೆಥಡ್ಡಿನಿಂದ ಹೆಸರು ಕೊಟ್ಟು ಕರೆದುಕೊಳ್ಳುತ್ತೇವೆ, ಆಮೇಲೆ ಗ್ರಾಂಟ್ ರೀಡ್ ಡೇಟಾ ಎಂಬ ಮೆಥಡ್ಡಿನಿಂದ ಓದುವ ಅನುಮತಿ ಕೊಡುತ್ತೇವೆ. ಟೇಬಲನ್ನು ಅದೇ ಸ್ಟ್ಯಾಕಿನಲ್ಲಿ ಹುಟ್ಟಿಸಿ ಇಂಡೆಕ್ಸನ್ನೂ ಅಲ್ಲೇ ಸೇರಿಸಿದ್ದರೆ ಸಿಡಿಕೆಗೆ ಇಂಡೆಕ್ಸ್ ಇರುವುದು ಗೊತ್ತಿರುತ್ತದೆ, ‘/ಇಂಡೆಕ್ಸ್/*’ ಸಾಲನ್ನು ತಾನೇ ಪಾಲಿಸಿಗೆ ಹಾಕುತ್ತದೆ. ಬರೀ ಹೆಸರಿನಿಂದ ಕರೆದುಕೊಂಡ ಟೇಬಲಿಗೆ ಇಂಡೆಕ್ಸ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯುವ ದಾರಿಯಿಲ್ಲ, ಹಾಗಾಗಿ ಹಾಕುವುದಿಲ್ಲ. ಅದಕ್ಕೆ ಫ್ರಮ್ ಟೇಬಲ್ ಆಟ್ರಿಬ್ಯೂಟ್ಸ್ ಬಳಸಿ, ಗ್ಲೋಬಲ್ ಇಂಡೆಕ್ಸ್‌ಗಳ ಹೆಸರು ಕೊಡಬೇಕು, ಇಲ್ಲವೇ ಗ್ರಾಂಟ್ ಇಂಡೆಕ್ಸ್ ಪರ್ಮಿಷನ್ಸ್ ಎಂಬುದನ್ನು ಟ್ರೂ ಮಾಡಬೇಕು.

ಎಸ್‌ಎಎಂ (ಇದೇ ಕೆಲಸದ ಇನ್ನೊಂದು ಎಡಬ್ಲ್ಯುಎಸ್ ಸಾಧನ) ಬಳಸುವವರಿಗೆ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಅದರ ಡೈನಮೋಡಿಬಿ ರೀಡ್ ಪಾಲಿಸಿ ಟೆಂಪ್ಲೇಟಿನಲ್ಲಿ ಟೇಬಲ್ ಮತ್ತು ‘/ಇಂಡೆಕ್ಸ್/*’ ಎರಡೂ ಇರುತ್ತವೆ.

ಬೇಗ ಮುಗಿಸುವ ದಾರಿ, ಅದನ್ನು ಬಿಟ್ಟದ್ದು

ರಿಸೋರ್ಸಿನಲ್ಲಿ ‘ಟೇಬಲ್/ಎರವಲು*’ ಎಂದು ಒಂದು ನಕ್ಷತ್ರ ಸೇರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಐಎಎಂನಲ್ಲಿ ನಕ್ಷತ್ರ ಚಿಹ್ನೆ ಓರೆಗೆರೆಯನ್ನೂ ದಾಟಿ ಹೊಂದಿಕೊಳ್ಳುತ್ತದೆ. ಹಾಗಾಗಿ ಅದು ಎಲ್ಲ ಇಂಡೆಕ್ಸ್‌ಗಳನ್ನೂ ಒಳಗೊಳ್ಳುತ್ತದೆ, ಜೊತೆಗೆ ‘ಎರವಲು-ಹಳೆಯದು’ ಎಂಬ ಹೆಸರಿನ ಇನ್ನೊಂದು ಟೇಬಲ್ ಇದ್ದರೆ ಅದನ್ನೂ. ‘ಟೇಬಲ್/*’ ಎಂದು ಬರೆದಿರುವ ಖಾತೆಗಳಲ್ಲಿ ಈ ಲೇಖನದ ಸಮಸ್ಯೆ ಎಂದೂ ತಲೆದೋರುವುದಿಲ್ಲ. ಅಲ್ಲಿ ಇರುವ ಅಪಾಯ ಬೇರೆ. ಯಾರೋ ಒಂದು ರೋಲಿಗೆ ಸೂಕ್ಷ್ಮ ಟೇಬಲನ್ನು ಮುಚ್ಚಬೇಕೆಂದು ‘ಟೇಬಲ್/ಸಂಬಳ’ ಎಂಬುದಕ್ಕೆ ಮಾತ್ರ ಡಿನೈ ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಡಿನೈ ಕೂಡ ಹೇಳಿದ ವಿಳಾಸಕ್ಕಷ್ಟೇ ತಾಗುತ್ತದೆ. ಅದರ ಇಂಡೆಕ್ಸ್ ನಕ್ಷತ್ರದ ಅಲೋ ಮೂಲಕ ತೆರೆದೇ ಇರುತ್ತದೆ, ಸಂಬಳದ ವಿವರ ಇಂಡೆಕ್ಸಿನಿಂದ ಓದಿಕೊಳ್ಳಬಹುದು. ಅನುಮತಿ ಕೊಡುವಾಗ ಇಂಡೆಕ್ಸ್ ಮರೆತರೆ ಯಾರಾದರೂ ಫೋನ್ ಮಾಡುತ್ತಾರೆ. ತಡೆಯುವಾಗ ಮರೆತರೆ ಯಾರೂ ಫೋನ್ ಮಾಡುವುದಿಲ್ಲ. ನನಗೆ ಎರಡನೆಯದೇ ಹೆಚ್ಚು ಭಯ.

ಇಂಡೆಕ್ಸಿಗೆ ಬೇರೆ ವಿಳಾಸ ಇರುವುದನ್ನು ಕಿರಿಕಿರಿ ಎಂದುಕೊಳ್ಳುವವರು ಬಹಳ. ನಾನು ಅದನ್ನು ಒಂದು ಸೌಕರ್ಯ ಎಂದು ನೋಡುತ್ತೇನೆ, ಈ ರಿಪೇರಿಯಲ್ಲಿ ಅದನ್ನೇ ಬಳಸಿಕೊಂಡೆ.

ಸಾರ್ವಜನಿಕ ಹುಡುಕಾಟದ ಪುಟ ಲಾಗಿನ್ ಇಲ್ಲದೆ ತೆರೆಯುತ್ತದೆ. ಅದರ ಹಿಂದಿರುವ ಲ್ಯಾಂಬ್ಡಾಗೆ ಟೇಬಲ್ ಓದುವ ಅನುಮತಿ ಇತ್ತು, ಟೇಬಲಿನಲ್ಲಿ ಸದಸ್ಯರ ಮೊಬೈಲ್ ನಂಬರ್ ಇದೆ. ಕೋಡ್ ಅದನ್ನು ತೋರಿಸುವುದಿಲ್ಲ, ನಿಜ. ಆದರೆ ತೋರಿಸದಿರುವುದು ಬೇರೆ, ಓದಲಿಕ್ಕೇ ಆಗದಿರುವುದು ಬೇರೆ. ನಾಳೆ ಬೇರೆ ಯಾರೋ ಆ ಕೋಡ್ ಬದಲಿಸಬಹುದು, ಕೋಡ್ ಬಳಸುವ ಒಂದು ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಭದ್ರತೆಯ ತೂತು ಸಿಗಬಹುದು. ಹೆಣ್ಣುಮಕ್ಕಳು, ಪರೀಕ್ಷೆಗೆ ಓದುವ ಹುಡುಗರು, ನಿವೃತ್ತರು ಎಲ್ಲರೂ ನಂಬಿ ಕೊಟ್ಟ ನಂಬರುಗಳು ಅವು.

‘ಲೇಖಕ-ಸೂಚಿ’ಯ ಪ್ರೊಜೆಕ್ಷನ್ನಿನಲ್ಲಿ (ಟೇಬಲಿನಿಂದ ಇಂಡೆಕ್ಸಿಗೆ ನಕಲಾಗುವ ವಿವರಗಳ ಪಟ್ಟಿ) ಮೊಬೈಲ್ ನಂಬರ್ ಇಲ್ಲ. ಅಲ್ಲಿರುವುದು ಲೇಖಕ, ಶೀರ್ಷಿಕೆ, ಸ್ಥಿತಿ, ಜೊತೆಗೆ ಟೇಬಲಿನ ಕೀ ಆದ್ದರಿಂದ ತಾನಾಗಿಯೇ ಸೇರುವ ಅಕ್ಸೆಷನ್ ನಂಬರ್. ಗ್ಲೋಬಲ್ ಇಂಡೆಕ್ಸಿನ ಮೂಲಕ ಕೇಳಿದಾಗ ಅದರಲ್ಲಿಲ್ಲದ ಆಟ್ರಿಬ್ಯೂಟನ್ನು (ಐಟಂನ ಒಂದು ವಿವರವನ್ನು) ಡೈನಮೋಡಿಬಿ ಟೇಬಲಿಗೆ ಹೋಗಿ ತಂದುಕೊಡುವುದಿಲ್ಲ. ಲೋಕಲ್ ಇಂಡೆಕ್ಸ್ ಆದರೆ ತಂದುಕೊಡುತ್ತದೆ, ಆದ್ದರಿಂದ ಈ ಉಪಾಯ ಗ್ಲೋಬಲ್‌ಗೆ ಮಾತ್ರ ಹೊಂದುತ್ತದೆ. ಓದುಗರಿಗೆ ಅಕ್ಸೆಷನ್ ನಂಬರಿನ ಹುಡುಕಾಟ ಬೇಕಿಲ್ಲ ಎಂದು ಮೇಡಂ ಹೇಳಿಯೇ ಇದ್ದರು. ಹಾಗಾಗಿ ಸಾರ್ವಜನಿಕ ಪುಟದಿಂದ ಅದನ್ನು ತೆಗೆದೆ, ಗ್ರಾಂಟ್ ರೀಡ್ ಡೇಟಾ ತೆಗೆದೆ, ಕೈಯಿಂದಲೇ ಪಾಲಿಸಿ ಬರೆದೆ:

ಎಫೆಕ್ಟ್: ಅಲೋ
ಆ್ಯಕ್ಷನ್: ಡೈನಮೋಡಿಬಿ:ಕ್ವೆರಿ
ರಿಸೋರ್ಸ್: …:ಟೇಬಲ್/ಎರವಲು/ಇಂಡೆಕ್ಸ್/ಲೇಖಕ-ಸೂಚಿ

ಇಷ್ಟೇ. ಟೇಬಲಿನ ಸಾಲು ಇಲ್ಲವೇ ಇಲ್ಲ. ಇಂಡೆಕ್ಸ್ ಮೇಲೆ ಕ್ವೆರಿ ಮಾಡಲು ಟೇಬಲಿನ ಅನುಮತಿಯೂ ಜೊತೆಗೆ ಇರಬೇಕು ಎಂದು ತಿಳಿದವರಿದ್ದಾರೆ, ಬೇಕಿಲ್ಲ. ಸ್ಕ್ಯಾನ್ ಕೂಡ ಇಲ್ಲ. ಗ್ರಾಂಟ್ ರೀಡ್ ಡೇಟಾ ಕೊಡುವ ಪಟ್ಟಿಯಲ್ಲಿ ಸ್ಕ್ಯಾನ್ ಸೇರಿರುತ್ತದೆ, ಸಾರ್ವಜನಿಕ ಪುಟದ ಕೈಯಲ್ಲಿ ಅದು ಇರುವುದು ನನಗೆ ಒಪ್ಪಿಗೆಯಿಲ್ಲ. ನೀವು ಬಳಸುವ ಒಆರ್‌ಎಂ (ಕೋಡಿಗೂ ಡೇಟಾಬೇಸಿಗೂ ನಡುವಿನ ಸಾಧನ) ಶುರುವಿನಲ್ಲಿ ಡಿಸ್ಕ್ರೈಬ್ ಟೇಬಲ್ ಕರೆಯುವಂಥದ್ದಾದರೆ ಅದಕ್ಕೆ ಮಾತ್ರ ಟೇಬಲಿನ ವಿಳಾಸದ ಮೇಲೆ ಇನ್ನೊಂದು ಸಾಲು ಬೇಕಾಗುತ್ತದೆ. ಅದರಿಂದ ಡೇಟಾ ಹೊರಬರುವುದಿಲ್ಲ.

ಕೌಂಟರ್ ಪುಟದ ರೋಲಿಗೆ ಟೇಬಲ್ ಓದು-ಬರಹ, ಎರಡೂ ಇಂಡೆಕ್ಸಿನ ಮೇಲೆ ಕ್ವೆರಿ. ಡಿಪ್ಲಾಯ್ ಮಾಡಿ ಕೆಲವು ಕ್ಷಣ ಕಾದು ಹುಡುಕಿದೆ. ಲೇಖಕರ ಹೆಸರಿಗೆ ಪುಸ್ತಕಗಳು ಬಂದವು. ರೋಲಿನ ಪಾಲಿಸಿ ಬದಲಾದರೆ ಓಡುತ್ತಿರುವ ಲ್ಯಾಂಬ್ಡಾಗೆ ಹೊಸ ಕ್ರೆಡೆನ್ಶಿಯಲ್ ಬೇಕಾಗುವುದಿಲ್ಲ, ಬದಲಾವಣೆ ಎಲ್ಲ ಕಡೆ ಹರಡಲು ಸ್ವಲ್ಪ ಹೊತ್ತು ಬೇಕು ಅಷ್ಟೇ.

ರಾತ್ರಿಯ ಪಟ್ಟಿ ಇನ್ನೂ ಬರಲಿಲ್ಲ

ಅವಧಿ ಮೀರಿದ ಪುಸ್ತಕಗಳ ಪಟ್ಟಿ ಮಾಡಿ ಎಡಬ್ಲ್ಯುಎಸ್‌ನ ಕಡತ ಸಂಗ್ರಹವಾದ ಎಸ್3ಗೆ ಹಾಕುವ ಒಂದು ರಾತ್ರಿ ಕೆಲಸ ಇದೆ. ಖಾಸಗಿ ಸಬ್‌ನೆಟ್ಟಿನ (ಹೊರಗಿನಿಂದ ನೇರವಾಗಿ ತಲುಪಲಾಗದ ಜಾಲದ ಭಾಗ) ಸಣ್ಣ ಸರ್ವರಿನಲ್ಲಿ ಓಡುತ್ತದೆ. ಅದು ‘ಸದಸ್ಯ-ಸೂಚಿ’ಯನ್ನು ಸ್ಕ್ಯಾನ್ ಮಾಡುತ್ತದೆ. ಸ್ಕ್ಯಾನ್ ಎಂದರೆ ಬೆಚ್ಚಬೇಡಿ. ಇಂಡೆಕ್ಸಿನ ಕೀ ಆಗಿರುವ ಆಟ್ರಿಬ್ಯೂಟ್ ಇಲ್ಲದ ಐಟಂ ಇಂಡೆಕ್ಸಿಗೆ ಬರುವುದೇ ಇಲ್ಲ. ಕಪಾಟಿನಲ್ಲಿರುವ ಪುಸ್ತಕಕ್ಕೆ ಸದಸ್ಯರ ಸಂಖ್ಯೆ ಇರುವುದಿಲ್ಲ, ಹಾಗಾಗಿ ಈ ಇಂಡೆಕ್ಸಿನಲ್ಲಿ ಇರುವುದು ಹೊರಗೆ ಹೋದ ಪುಸ್ತಕಗಳು ಮಾತ್ರ. ಪೂರ್ತಿ ಓದಿದರೂ ಪುಟ್ಟ ಓದು.

ಈ ರೋಲಿಗೂ ‘ಸದಸ್ಯ-ಸೂಚಿ’ಯ ಮೇಲೆ ಸ್ಕ್ಯಾನ್ ಕೊಟ್ಟೆ. ಸಿಮ್ಯುಲೇಟರ್ ಅಲೋಡ್ ಎಂದಿತು. ಸರ್ವರಿನಲ್ಲಿ ಓಡಿಸಿದರೆ ಮತ್ತೆ ಆ್ಯಕ್ಸೆಸ್ ಡಿನೈಡ್.

ಇಲ್ಲಿ ಕೈಹಿಡಿದದ್ದು ಸಂದೇಶದ ನಾಲ್ಕನೇ ಭಾಗ. ಈ ಸಲ ‘ನೋ ಐಡೆಂಟಿಟಿ-ಬೇಸ್ಡ್ ಪಾಲಿಸಿ’ ಎಂದಿರಲಿಲ್ಲ, ‘ನೋ ವಿಪಿಸಿ ಎಂಡ್‌ಪಾಯಿಂಟ್ ಪಾಲಿಸಿ’ ಎಂದಿತ್ತು. ಆ ಸಬ್‌ನೆಟ್ಟಿನಿಂದ ಡೈನಮೋಡಿಬಿಗೆ ಹೋಗುವ ದಾರಿ ನಮ್ಮ ಖಾಸಗಿ ಜಾಲದ (ವಿಪಿಸಿ) ಬಾಗಿಲಾದ ಗೇಟ್‌ವೇ ಎಂಡ್‌ಪಾಯಿಂಟ್ ಮೂಲಕ. ಎಂಡ್‌ಪಾಯಿಂಟಿಗೂ ತನ್ನದೇ ಪಾಲಿಸಿ ಇರುತ್ತದೆ. ಏನೂ ಬರೆಯದಿದ್ದರೆ ಎಲ್ಲವನ್ನೂ ಬಿಡುತ್ತದೆ. ನಮ್ಮದರಲ್ಲಿ ಬಿಗಿಯಾಗಿ ‘ಟೇಬಲ್/ಎರವಲು’ ಎಂದು ಮಾತ್ರ ಬರೆದಿತ್ತು. ರೋಲ್ ಒಪ್ಪಬೇಕು, ದಾರಿಯೂ ಒಪ್ಪಬೇಕು, ಎರಡರಲ್ಲಿ ಒಂದು ಒಪ್ಪದಿದ್ದರೂ ಕೆಲಸ ಆಗದು. ಸಿಮ್ಯುಲೇಟರ್ ಎಂಡ್‌ಪಾಯಿಂಟ್ ಪಾಲಿಸಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಅದರ ‘ಅಲೋಡ್’ ಅರ್ಧ ಉತ್ತರವಷ್ಟೇ.

ಎಂಡ್‌ಪಾಯಿಂಟ್ ಪಾಲಿಸಿಯಲ್ಲಿ ‘ಟೇಬಲ್/ಎರವಲು/ಇಂಡೆಕ್ಸ್/ಸದಸ್ಯ-ಸೂಚಿ’ ಸೇರಿಸಿದೆ. ಇದು ಜಾರಿಯಾಗಲು ಕೆಲವು ನಿಮಿಷ ಹಿಡಿಯಬಹುದು, ಕೂಡಲೇ ಬರಲಿಲ್ಲವೆಂದು ಇನ್ನೇನನ್ನೋ ಬದಲಿಸಲು ಹೋಗಬೇಡಿ. ಪಟ್ಟಿ ಬಂತು.

ದೊಡ್ಡ ಸಂಸ್ಥೆಗಳಲ್ಲಿ ಇದರ ಮೇಲೆ ಇನ್ನೂ ಪದರಗಳಿರುತ್ತವೆ: ರೋಲಿನ ಪರ್ಮಿಷನ್ಸ್ ಬೌಂಡರಿ, ಆರ್ಗನೈಜೇಷನ್ನಿನ ಸರ್ವಿಸ್ ಕಂಟ್ರೋಲ್ ಪಾಲಿಸಿ, ಸೆಷನ್ ಪಾಲಿಸಿ. 2024ರಿಂದ ಡೈನಮೋಡಿಬಿ ಟೇಬಲಿಗೇ ಅಂಟಿಸುವ ರಿಸೋರ್ಸ್-ಬೇಸ್ಡ್ ಪಾಲಿಸಿಯೂ ಬಂದಿದೆ. ಬೇರೆ ಖಾತೆಯವರಿಗೆ ಇಂಡೆಕ್ಸ್ ಓದಲು ಬಿಡಬೇಕಾದರೆ ಟೇಬಲಿನ ಆ ಪಾಲಿಸಿಯಲ್ಲೂ ಇಂಡೆಕ್ಸಿನ ವಿಳಾಸ ಬರೆಯಬೇಕು. ಎಲ್ಲಿ ಟೇಬಲಿನ ವಿಳಾಸ ಬರೆದಿರುತ್ತದೋ ಅಲ್ಲೆಲ್ಲ ಇಂಡೆಕ್ಸಿನ ಪ್ರಶ್ನೆ ಕೇಳಿಕೊಳ್ಳಬೇಕು. ಟೇಬಲಿಗೆ ಇಂಡೆಕ್ಸ್ ಸೇರಿಸುವ ಅಪ್‌ಡೇಟ್ ಟೇಬಲ್ ಕ್ರಿಯೆ ಇದಕ್ಕೆ ಹೊರತು, ಅದು ಕೇಳುವುದು ಟೇಬಲಿನ ವಿಳಾಸವನ್ನೇ.

ಡಿನೈಡ್ ಅಲ್ಲದ ಖಾಲಿ ಉತ್ತರ

ಎಲ್ಲ ಸರಿಹೋದ ಮೇಲೆ ಮೇಡಂ ಮತ್ತೆ ಹೇಳಿದರು: “ಕೆಲವರ ಹೆಸರಿಗೆ ಈಗಲೂ ಬರ್ತಿಲ್ಲ ಸರ್.” ಲಾಗಿನಲ್ಲಿ ದೋಷ ಇಲ್ಲ. ಕ್ವೆರಿ ಯಶಸ್ವಿ, ಐಟಂ ಸೊನ್ನೆ. ಇದು ಪರ್ಮಿಷನ್ ವಿಷಯವೇ ಅಲ್ಲ. ಐಎಎಂ ಅನುಮತಿ ಇಲ್ಲದಿದ್ದರೆ ಡೈನಮೋಡಿಬಿ ಸಾಲುಗಳನ್ನು ಮರೆಮಾಡಿ ಖಾಲಿ ಪಟ್ಟಿ ಕೊಡುವುದಿಲ್ಲ, ನೇರವಾಗಿ ಇಲ್ಲ ಎನ್ನುತ್ತದೆ.

ಬರದ ಹೆಸರುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಹೊಳೆಯಿತು: ಗೋಪಾಲ, ಮೋಹನ, ಸೋಮಶೇಖರ. ಎಲ್ಲದರಲ್ಲೂ ಓಕಾರ ಇದೆ. ಯೂನಿಕೋಡಿನಲ್ಲಿ ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊ ಚಿಹ್ನೆ, ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೈನಮೋಡಿಬಿ ಹೋಲಿಸುವುದು ಯುಟಿಎಫ್-8 ಬೈಟ್‌ಗಳನ್ನು, ಅದಕ್ಕೆ ಇವು ಎರಡು ಬೇರೆ ಹೆಸರು. ಹಳೆಯ ಪಟ್ಟಿಯಿಂದ ಪರಿವರ್ತಿಸಿ ತಂದ ದಾಖಲೆಗಳಲ್ಲಿ ಬಿಡಿಸಿದ ರೂಪ ಇತ್ತು, ಕೀಬೋರ್ಡಿನಿಂದ ಬರುವುದು ಕೂಡಿದ ರೂಪ.

ಸೇರಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ (ಯೂನಿಕೋಡಿನ ಕೂಡಿದ) ರೂಪಕ್ಕೆ ತರುವ ಒಂದು ಸಾಲು ಹಾಕಿದೆ, ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲೇ ಅದು ಇದೆ. ಹಳೆಯ ಐಟಂಗಳ ಲೇಖಕ ಹಾಗೂ ಶೀರ್ಷಿಕೆಯನ್ನು ಅಪ್‌ಡೇಟ್ ಐಟಂನಿಂದ ತಿದ್ದಿದೆ. ಇವು ಇಂಡೆಕ್ಸಿನ ಕೀ ಆದರೂ ಟೇಬಲಿನ ಕೀ ಅಲ್ಲ, ಹಾಗಾಗಿ ಅಪ್‌ಡೇಟ್ ಸಾಕು. ಇಂಡೆಕ್ಸಿನಲ್ಲಿ ಹಳೆಯ ನಮೂದು ಹೋಗಿ ಹೊಸದು ತಾನೇ ಬರುತ್ತದೆ. ದೋಷ ಬಂದಾಗಲೂ ಪುಸ್ತಕ ಸಿಗದಾಗಲೂ ಪುಟದಲ್ಲಿ ‘ಫಲಿತಾಂಶ ಇಲ್ಲ’ ಎಂಬ ಒಂದೇ ಸಂದೇಶ ಕಾಣುತ್ತಿದ್ದುದನ್ನೂ ಬೇರ್ಪಡಿಸಿದೆ. ಈಗ ಹುಡುಕಾಟವೇ ಕೆಟ್ಟಿದ್ದರೆ ‘ವ್ಯವಸ್ಥೆಯಲ್ಲಿ ತೊಂದರೆ, ಕೌಂಟರಿನಲ್ಲಿ ಕೇಳಿ’ ಎಂದು ಬರುತ್ತದೆ. ಪುಸ್ತಕ ಇದ್ದೂ ಇಲ್ಲ ಎಂದು ಓದುಗರನ್ನು ಹಿಂದಕ್ಕೆ ಕಳಿಸುವುದು ಗ್ರಂಥಾಲಯಕ್ಕೆ ತಕ್ಕದ್ದಲ್ಲ.

ಡಿಪ್ಲಾಯ್ ಜೊತೆ ಓಡುವ ಪರೀಕ್ಷೆ

ಪ್ರತಿ ಡಿಪ್ಲಾಯ್ ಆದ ಮೇಲೆ, ಅಡ್ಮಿನ್ ಹೆಸರಿನಲ್ಲಿ ಅಲ್ಲದೆ ಆಯಾ ರೋಲನ್ನೇ ಧರಿಸಿ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಸೇರಿಸಿದ್ದೇನೆ. ಅದಕ್ಕಾಗಿ ರೋಲಿನ ಟ್ರಸ್ಟ್ ಪಾಲಿಸಿಯಲ್ಲಿ (ಆ ರೋಲನ್ನು ಯಾರು ಧರಿಸಬಹುದೆಂಬ ನಿಯಮ) ಪರೀಕ್ಷೆಯ ರೋಲಿಗೆ ಅವಕಾಶ ಕೊಡಬೇಕಾಯಿತು. ಸಾರ್ವಜನಿಕ ರೋಲಿನಿಂದ ‘ಲೇಖಕ-ಸೂಚಿ’ಯ ಕ್ವೆರಿ ನಡೆಯಲೇಬೇಕು. ಅದೇ ರೋಲಿನಿಂದ ಟೇಬಲಿನ ಗೆಟ್ ಐಟಂ, ‘ಸದಸ್ಯ-ಸೂಚಿ’ಯ ಕ್ವೆರಿ, ‘ಲೇಖಕ-ಸೂಚಿ’ಯ ಸ್ಕ್ಯಾನ್ ಮೂರೂ ಆ್ಯಕ್ಸೆಸ್ ಡಿನೈಡ್ ಆಗಲೇಬೇಕು, ಆಗದಿದ್ದರೆ ಡಿಪ್ಲಾಯ್ ನಿಲ್ಲುತ್ತದೆ. ಅನುಮತಿ ಇರುವ ಇಂಡೆಕ್ಸಿನ ಮೇಲೆ ಆಲ್ ಆಟ್ರಿಬ್ಯೂಟ್ಸ್ ಕೇಳಿ ವ್ಯಾಲಿಡೇಷನ್ ಎಕ್ಸೆಪ್ಷನ್ ಬರುವುದನ್ನೂ ನೋಡುತ್ತದೆ. ಯಾರಾದರೂ ಮುಂದೆ ಆ ಇಂಡೆಕ್ಸನ್ನು ಎಲ್ಲ ಆಟ್ರಿಬ್ಯೂಟ್ ಇರುವಂತೆ ಮತ್ತೆ ಹುಟ್ಟಿಸಿದರೆ ಮೊಬೈಲ್ ನಂಬರ್ ಅದರೊಳಗೆ ಬಂದುಬಿಡುತ್ತದೆ. ಪಾಲಿಸಿಯ ಒಂದಕ್ಷರವೂ ಬದಲಾಗಿರುವುದಿಲ್ಲ, ಆಗ ಹಿಡಿಯುವುದು ಈ ಪರೀಕ್ಷೆಯೊಂದೇ.

ಮೇಡಂ ಈಗ ವಿಷಯವಾರು ಹುಡುಕಾಟ ಕೇಳಿದ್ದಾರೆ. ಮೂರನೇ ಇಂಡೆಕ್ಸ್, ಅದರ ಪ್ರೊಜೆಕ್ಷನ್ ಪಟ್ಟಿ, ಸಾರ್ವಜನಿಕ ರೋಲಿನ ಸಾಲು ಮತ್ತು ಪರೀಕ್ಷೆಯ ಸಾಲು ನಾಲ್ಕನ್ನೂ ಒಂದೇ ಕಮಿಟ್‌ನಲ್ಲಿ ಬರೆದಿಟ್ಟಿದ್ದೇನೆ. ಎಂಡ್‌ಪಾಯಿಂಟ್ ಪಾಲಿಸಿ ಮುಟ್ಟಬೇಕಿಲ್ಲ, ರಾತ್ರಿಯ ಕೆಲಸಕ್ಕೆ ಆ ಇಂಡೆಕ್ಸ್ ಬೇಕಾಗುವುದಿಲ್ಲ.